ಎರಡನೇ ಬುಟ್ಟಿಯಿಂದ

ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಏಳಕ್ಕೇ ನೀರು ಕುದಿಯುತ್ತದೆ.
ಅಫ್ಸರ್ ಪಾಷಾ ಮೊನ್ನೆ ಹರಾಜಲ್ಲಿ ಹಿಡಿದ ಗೂಡು
ಇವತ್ತೇ ಬಿಚ್ಚಿ ಮುಗಿಯಬೇಕು.
ನಾಳೆಗೆ ಬಿಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ
ತೂತು ಕೊರೆದು ಎದ್ದು ಬರುತ್ತದೆ.
ತೂತಾದ ಗೂಡಿಗೆ ನೂಲಿಲ್ಲ.
ಇದು ಯಾರೂ ಹೇಳಿಕೊಡದೆ ಗೊತ್ತಿರುವ ಲೆಕ್ಕ.

ಎರಡನೇ ಬುಟ್ಟಿ ಸುರಿಯುವಾಗ
ಎದೆಯ ಮೇಲೆ ಯಾರೋ ಮೂಟೆ ಇಳಿಸಿ
ಆಮೇಲೆ ಎತ್ತಿಕೊಳ್ಳುತ್ತೀನಿ ಅಂತ ಹೋದ ಹಾಗಾಯಿತು.
ರಾತ್ರಿ ಹಿತಕವರೆ ಸಾರು, ಎರಡು ಮುದ್ದೆ.
ಗ್ಯಾಸು, ಅಂದೆ.
ಯಾರಿಗೂ ಅಲ್ಲ, ಬೇಸಿನ್ನಿಗೆ.

ದಿಲ್‌ಶಾದ್ ಹುಡುಗನನ್ನು ಕಳಿಸಿ ಸೋಡಾ ತರಿಸಿದಳು.
ತೇಗು ಬಂತು. ಮೂಟೆ ಅಲ್ಲೇ ಇತ್ತು.
ಬೆನ್ನು ಬೆವೆತಿತ್ತು,
ಆದರೆ ಇಲ್ಲಿ ಯಾರ ಬೆನ್ನು ಬೆವೆತಿಲ್ಲ?

ತಾಲ್ಲೂಕು ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ.
ನಾನು ಎದ್ದರೆ ಚರಕ ತಿರುಗಿಸುವ ಸೀನನ ಕೂಲಿಯೂ ನಿಲ್ಲುತ್ತದೆ,
ಅವನಿಗೆ ಮೂರು ತಿಂಗಳ ಕೂಸು.
ಅದೂ ಅಲ್ಲ.
ಹೋದ ವರ್ಷ ಮುನಿಯಕ್ಕ ಹೀಗೇ ಎದೆ ಹಿಡಿದು ಓಡಿ
ಮಧ್ಯಾಹ್ನಕ್ಕೆ ಗುಳಿಗೆ ಚೀಟಿ ಹಿಡಿದು ನಡೆದು ಬಂದಳು.
ಇವತ್ತಿಗೂ ಓಣಿಗೆಲ್ಲ ಅವಳು ಗ್ಯಾಸ್ ಮುನಿಯಕ್ಕ.
ನಿಜ ಹೇಳಲಾ,
ಸಾವಿಗಿಂತ ಆ ಹೆಸರಿಗೆ ಹೆದರಿದೆ.

ಪಾಷಾ ಬಂದು ನೋಡಿ, ಹೋಗಕ್ಕ, ತೋರಿಸ್ಕೊಂಡು ಬಾ, ಅಂದ.
ಕೆಟ್ಟವನಲ್ಲ.
ಬಾಯಿ ಹಾಗನ್ನುವಾಗ ಕಣ್ಣು ಮಾತ್ರ ಬುಟ್ಟಿ ಎಣಿಸುತ್ತಿತ್ತು.
ಇದೊಂದು ಬುಟ್ಟಿ ಆಗಲಿ, ಅಂದೆ.
ಮೂರನೆಯದು ಸುರಿದೆ.

ಎಳೆ ಕಡಿಯಿತು. ಹುಡುಕಲು ಎಡಗೈ ಅದ್ದಿದೆ.
ಇಪ್ಪತ್ತಾರು ವರ್ಷದಿಂದ ದಿನಾ ಸುಟ್ಟ ನೀರು
ಸುಡಲಿಲ್ಲ.
ಬೆಂಕಿ ಆರಿದೆಯಾ ಅಂತ ಬಗ್ಗಿ ನೋಡಿದೆ,
ಉರಿಯುತ್ತಿತ್ತು.
ಬಲಗೈ ಅದ್ದಿದೆ,
ಚುರ್ ಅಂತು.

ದಿಲ್‌ಶಾದ್, ಅಂದೆ, ಆಟೋ ಕರಿ.
ಅವಳು ಯಾಕೆ ಅನ್ನಲಿಲ್ಲ.
ನನ್ನ ಬೇಸಿನ್ನಿನ ಕೆಳಗಿನ ಸೌದೆ ಹಿಂದಕ್ಕೆಳೆದು
ಒದ್ದೆ ಕೈಯಲ್ಲೇ ನನ್ನನ್ನು ಹಿಡಿದುಕೊಂಡಳು.

ಹೆಸರು?
ಪಿಳ್ಳಮ್ಮ.
ಯಾವಾಗಿಂದ ನೋವು?
ಎರಡನೇ ಬುಟ್ಟಿಯಿಂದ.
ಗಂಟೆ ಹೇಳಮ್ಮ, ಗಂಟೆ, ಅಂದಳು ನರ್ಸು,
ಮೂಗು ಸುಕ್ಕಿಸಿ ನನ್ನ ಕೈ ಒರೆಸುತ್ತಾ.
ಹುಳದ ವಾಸನೆ, ತೊಳೆದರೆ ಹೋಗಲ್ಲ, ಅಂದೆ.
ಬುಟ್ಟಿಗಿಷ್ಟು ಹೊತ್ತು ಅಂತ ಕೂಡಿಸಿ
ಎಂಟೂಕಾಲು ಇರಬಹುದು, ಅಂದೆ.
ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು.
ನರ್ಸು ಬರೆಯುವುದು ಬಿಟ್ಟು
ಯಾರನ್ನೋ ಕೂಗಿದಳು, ಜೋರಾಗಿ.

ಎದೆಗೆ, ಕಾಲಿಗೆ ತಣ್ಣನೆಯ ವೈರು ಅಂಟಿಸಿದರು.
ಮಿಷನ್ನು ಕಿರ್ ಅಂದು
ನನ್ನೊಳಗಿಂದ ಒಂದು ಎಳೆ ಬಿಚ್ಚತೊಡಗಿತು.
ಕತ್ತು ಹೊರಳಿಸಿ,
ಎಲ್ಲಾದರೂ ಕಡಿಯುತ್ತದಾ ಅಂತ
ನೋಡುತ್ತಾ ಮಲಗಿದೆ.