ಕೈ ತಾಗುವ ಕಡೆ

ಹಗಲೆಲ್ಲ ನನ್ನ ಕೆಲಸ ತುಕ್ಕು ಕೆರೆಯುವುದು.
ಹಳೇ ಪಿ.ಬಿ. ರಸ್ತೆಯಲ್ಲಿ, ಟಯರು ಅಂಗಡಿಯ ಪಕ್ಕ,
ಸ್ಕೂಟರಿನ ಮಡ್ಗಾರ್ಡು, ಜೀಪಿನ ಬಾಗಿಲು,
ಎಮರಿ ಹಾಳೆ, ಪ್ರೈಮರು, ಮತ್ತೆ ಎಮರಿ.
ರಾತ್ರಿ ಉಂಡಾದ ಮೇಲೆ
ಅದೇ ಕೈಯಿಂದ ತುಕ್ಕು ಹಚ್ಚುತ್ತೇನೆ
ಒಂದು ಗೇಣುದ್ದದ ಉಗಿ ವಿಂಚಿಗೆ.

‘ತಲೆ ಕೆಟ್ಟಿದೆಯಾ’ ಅಂದಳು ಮನೆಯವಳು.
ಅಂದು, ಬಲ್ಬನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಟ್ಟಳು.

ವಿಂಚು ಪರ್ವತಯ್ಯನದು. ಮೂವತ್ತೊಂದು ವರ್ಷ
ರೈಲ್ವೆ ಗೇಟು ಹಾಕಿ, ಗೇಟು ತೆಗೆದು,
ಎರಡೂ ಕಡೆಯವರ ಬೈಗುಳ ತಿಂದು ರಿಟೈರಾದವನು
ನಿಟ್ಟುವಳ್ಳಿಯ ಹಿತ್ತಲಲ್ಲಿ ನುಗ್ಗೆಮರ ಸುತ್ತಿ,
ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹಾಯ್ದು
ಮೂರು ಬೆರಳಗಲದ ಹಳಿ ಹಾಸಿದ್ದಾನೆ.
ಗೇಟು ಮಾತ್ರ ಇಟ್ಟಿಲ್ಲ.
‘ಕೋಳಿ ದಾಟಲಿ ಬಿಡು.’

ಬಾಯ್ಲರು, ಸೀಮೆಎಣ್ಣೆ ಸ್ಟೋವಿನ ಹಿತ್ತಾಳೆ ಪಂಪು.
ಸುತ್ತಿದ ತಗಡಿನಲ್ಲಿ ರಿವೆಟ್ಟು ಎಬ್ಬಿಸಿದ್ದು
ಗೋಣಿ ಹೊಲಿಯುವ ದಬ್ಬಳದಿಂದ:
ಇನ್ನೂರ ಹನ್ನೆರಡು. ಎರಡು ಸೊಟ್ಟಗಿವೆ
ಅನ್ನುತ್ತಾಳೆ ಎಣಿಸಿದ ಮಗಳು ಸುಗುಣ.
ಕೆಟ್ಟ ಗೋಡೆ ಗಡಿಯಾರದ ಹಲ್ಲುಚಕ್ರ,
ಡ್ರಮ್ಮಿಗೆ ಬ್ರೇಕ್ ಕೇಬಲ್ಲಿನ ಒಂದೇ ಎಳೆ,
ಅಡಿಗೆ ಬೇವಿನ ತೊಲೆ, ತಂತಿ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ
ಐವತ್ತು ಮಳೆ ಕಂಡ ಹಾಗೆ.

ಚಿಮಣಿಗೆ ಮಸಿ ಬೇಕಿತ್ತು. ಡಬ್ಬಿಯ ಕಪ್ಪು ಸುಳ್ಳು ಹೇಳುತ್ತದೆ.
ಮಂಡಕ್ಕಿ ಭಟ್ಟಿಗೆ ಹೋದೆ.
‘ಊರೆಲ್ಲ ಮಂಡಕ್ಕಿ ಕೇಳ್ತದೆ, ನೀನೊಬ್ಬ ಮಸಿ ಕೇಳ್ತೀಯ’
ಎನ್ನುತ್ತ ಹಾಜಿರಾಬಿ ಪೊಟ್ಟಣ ಕಟ್ಟಿದಳು,
ಕೊಸರಿಗೆಂದು ಒಂದು ಹಿಡಿ ಮಂಡಕ್ಕಿ.
ಸೇಫ್ಟಿ ವಾಲ್ವಿನ ಕೆಳಗಿನ ಬಿಳಿ ಗೀರಿಗೆ
ನಮ್ಮ ಬಚ್ಚಲ ಹಂಡೆಯ ತಳ ಕೆರೆದೆ.
ಬೋರ್ ನೀರಿನ ಸುಣ್ಣಕ್ಕೆ
ಅಂತೂ ಒಂದು ಉಪಯೋಗ.

ಆಮೇಲೆ ಇಟ್ಟಿಗೆ ಪುಡಿ, ಕಾಫಿ ಬಣ್ಣ, ತೆಳು ಕೆಂಪು,
ಮೂಲೆ ಮೂಲೆಗೂ ಬಿಡದೆ ಹಚ್ಚಿ ಒಯ್ದು ತೋರಿಸಿದೆ.
ಪರ್ವತಯ್ಯ ಕನ್ನಡಕ ಹಣೆಗೇರಿಸಿದ.
‘ಇದು ತುಕ್ಕಲ್ಲ ತಮ್ಮಾ, ಸಿಡುಬು.
ಕೈ ತಾಗೋ ಕಡೆ ತುಕ್ಕು ಕೂರಲ್ಲ.
ನನ್ನ ಗೇಟಿನ ಹಿಡಿಕೆ ನೋಡಿದ್ದೆಯಲ್ಲ,
ಬೆಳ್ಳಿ ಲೋಟದ ಹಾಗೆ. ಒಂದಂಗುಲ ಆಚೆ, ಕಂದು.
ಮೊದಲು ಹೇಳು, ಇದನ್ನ ನಡೆಸೋನು ಯಾರು?’

ಒಗೆಯುವ ಕಲ್ಲಿನ ಮೇಲೆ ಕೂತು ಅವನನ್ನು ಮಾಡಿದೆವು.
ಎಡಚ. ಬಲಮೊಣಕಾಲನ್ನು ಚೌಕಟ್ಟಿಗೆ ಆನಿಸಿ ನಿಲ್ಲುವವನು.
ಎಣ್ಣೆ ಬಿಡುವಾಗ ಯಾವತ್ತೂ ಒಂದು ತೊಟ್ಟು ಜಾಸ್ತಿ.
ಹೆಸರು ಬೇಡ ಅಂದ ಪರ್ವತಯ್ಯ,
ಹೆಸರಿಟ್ಟರೆ ಸಂಬಳ ಕೇಳ್ತಾನೆ.

ತಿನ್ನರಿನಲ್ಲಿ ಎಲ್ಲ ಒರೆಸಿ ಮತ್ತೆ ಶುರು.
ಬ್ರೇಕಿನ ಹಿಡಿಗೆ ಎಡಗಡೆ ಮಾತ್ರ ಪೆನ್ಸಿಲ್ ಸೀಸದ ಮಿರುಗು.
ಚೌಕಟ್ಟಿನಲ್ಲಿ ಮೊಣಕಾಲಿನಷ್ಟು ಬೋಳು.
ಬೇರಿಂಗಿನ ಕೆಳಗೆ ಎಣ್ಣೆಯ ಕರೆ, ಅದರ ಮೇಲೆ ಧೂಳು.
ಬಾಯ್ಲರಿನ ಪಕ್ಕ ಬಳಪದ ಲೆಕ್ಕ:
ನಾಲ್ಕು ಗೀಟು, ಅಡ್ಡಗೀಟು; ನಾಲ್ಕು ಗೀಟು, ಅಡ್ಡಗೀಟು;
ಮೂರು ಗೀಟು.
ಅಷ್ಟರಲ್ಲಿ ಯಾರೋ ಕರೆದಿರಬೇಕು.

ಮರುದಿನ ಅಂಗಡಿಗೊಂದು ಹಳೇ ಸ್ಕೂಟರು ಬಂತು.
‘ಎಲ್ಲಾ ಹೊಸದು ಮಾಡು, ನಮ್ಮಪ್ಪನದು.’
ಎಮರಿ ಓಡುತ್ತಾ ಓಡುತ್ತಾ
ಬ್ರೇಕಿನ ಪೆಡಲಿನ ಹತ್ತಿರ ನಿಂತಿತು.
ಅಲ್ಲಿ ಬಣ್ಣವೂ ಇಲ್ಲ, ತುಕ್ಕೂ ಇಲ್ಲ,
ಚಪ್ಪಲಿಯ ತುದಿಯಷ್ಟು ಬರಿಯ ತಗಡು.
ಅಷ್ಟನ್ನು ಬಿಟ್ಟು ಬಣ್ಣ ಹೊಡೆದೆ.
ಹುಡುಗ ನೋಡಿ ಐವತ್ತು ರೂಪಾಯಿ ಮುರಿದುಕೊಂಡ.

ವಿಂಚು ಈಗ ನುಗ್ಗೆಮರದ ಬುಡದಲ್ಲಿದೆ.
ಗಾಡಿ ಬಂದು ನಿಂತರೆ ಬದನೆಕಾಯಿ ಗಾತ್ರದ ಕಲ್ಲನ್ನು
ಗೊರಗೊರ ಎಳೆಯುತ್ತದೆ, ಅರ್ಧ ದಾರಿ.
ಮೊನ್ನೆ ತುಂತುರು ಬಿದ್ದ ಬೆಳಗ್ಗೆ
ಪರ್ವತಯ್ಯ ಫೋನು ಮಾಡಿದ:
‘ಅಡಿಗೆ ಒಂದು ಕಬ್ಬಿಣದ ಸ್ಕ್ರೂ ಹಾಕಿದ್ದೆಯಾ?
ಅದರದು ಮಾತ್ರ ಸರಿಯಾಗಿ ಬಂದಿದೆ ನೋಡು, ಬಣ್ಣ.’