ಕಂಬದ ಲೆಕ್ಕ

ಐವತ್ತು ಮೀಟರಿಗೊಂದು ಕಂಬ.
ನನಗೆ ಗೊತ್ತಿರುವ ಅಳತೆ ಅದೊಂದೇ.
ಈಜು ಹದಿನೈದು ಕಂಬ, ಸೈಕಲ್ಲು ನಾನೂರು,
ಓಟ ನೂರು ಎಂದು
ಕರಪತ್ರದ ಹಿಂಬದಿಗೆ ಗೀಚಿ
ಹೆಸರು ಕೊಟ್ಟುಬಿಟ್ಟೆ:
ಗಾಮಪ್ಪ, ಲೈನ್‌ಮನ್, ವಯಸ್ಸು ನಲವತ್ತಮೂರು,
ಈಜು ಕಲಿತು ಐದು ತಿಂಗಳು.

‘ದಾರಿ: ಸಾಧಾರಣ ಏರಿಳಿತ’ ಎಂದಿತ್ತು ಅದರಲ್ಲಿ.
ಬರೆದವನು ಕಾರಿನಲ್ಲಿ ಬಂದು ನೋಡಿದವನಿರಬೇಕು.

ಶಿವಮೊಗ್ಗದ ಕೊಳದಲ್ಲಿ ತಳ ಕಾಣುತ್ತಿತ್ತು.
ನೀಲಿ ಹಂಚು, ನಡುವೆ ಕಪ್ಪು ಪಟ್ಟಿ,
ದಮ್ಮು ಕಟ್ಟಿದರೆ ಹಿಡಿಯಲು ಕಂಬಿ,
ದಂಡೆಯಲ್ಲಿ ನಸ್ರುಲ್ಲಾ ಸರ್ ಸೀಟಿ:
‘ನೀರು ನಿಂಗೇನು ಮಾಡೈತೋ ಮಾರಾಯ, ಹೊಡೀಬೇಡ!’
ತಾಳಗುಪ್ಪದಾಚೆಯ ಹಿನ್ನೀರಿಗೆ ತಳವಿಲ್ಲ.
ಬೆಳಗಿನ ಆರೂವರೆ, ಮಂಜು.
ಇಳಿದದ್ದೇ ಚಳಿ ನನ್ನ ಪಕ್ಕೆಲುಬು ಎಣಿಸಿತು.
ಯಾರದೋ ಹಿಮ್ಮಡಿ ಕನ್ನಡಕಕ್ಕೆ,
ಯಾರದೋ ಮೊಣಕೈ ಕಿವಿಗೆ.
ತಲೆಯೆತ್ತಿದೆ. ಕಿತ್ತಳೆ ಬಣ್ಣದ ಬಲೂನು ಎಲ್ಲಿ?
ನೀರ ಮೇಲೆ ಒಂದೂ ಕಂಬ ಇಲ್ಲ.

ಅದೇ ನನಗೆ ಹೊಳೆದಿರಲಿಲ್ಲ.
ಎಣಿಸಲು ಏನೂ ಇಲ್ಲದ ಕಡೆ
ದೂರ ಎಷ್ಟು ಬೆಳೆಯುತ್ತದೆ ಎಂದು.
ಕಾಲಿಗೆ ಏನೋ ತಾಗಿತು. ಮುಳುಗಿದ ಮರದ ಮೋಟು,
ಇಷ್ಟು ವರ್ಷ ನೀರೊಳಗೆ ನಿಂತೂ ಕೊಳೆಯದ್ದು.
ಅದರ ಮೇಲೆ ಹೆಬ್ಬೆರಳೂರಿ
ಮೂರು ಉಸಿರು ಸಾಲ ತೆಗೆದೆ
(ನಿಯಮದಲ್ಲಿ ಇದೆಯೋ ಇಲ್ಲವೋ).
ದೋಣಿಯ ಹುಡುಗ ಕೂಗಿದ, ‘ಹತ್ತಿಸ್ಕೊಳ್ಳಲಾ ಅಣ್ಣ?’
ಬಾಯಿ ತೆರೆದೆ, ನೀರು ಕುಡಿದೆ.
ಅವನಿಗೆ ‘ಬೇಡ’ ಎಂದೇ ಕೇಳಿಸಿರಬೇಕು.

ಸೈಕಲ್ಲು ಸಲ್ದಾನ ಮೇಷ್ಟರದು, ಎರವಲು.
ಒದ್ದೆ ಚಡ್ಡಿ, ಬೂಟಿನೊಳಗೆ ಮರಳು,
ಆದರೆ ಕಂಬಗಳು ಬಂದವು!
ಹನ್ನೊಂದು ವರ್ಷ ನಾನೇ ಹತ್ತಿಳಿದವು,
ನಂಬರು ಸಮೇತ ಗುರುತು.
ಇದು ಜಂಪರ್ ಕಡಿದದ್ದು. ಇದಕ್ಕೆ ಹಾವು ಸುತ್ತಿತ್ತು.
ಇದರ ಮೇಲೆ ಕೂತಿದ್ದಾಗಲೇ
ಮಗಳು ಹುಟ್ಟಿದಳೆಂದು ಫೋನು ಬಂದದ್ದು.
ಏಣಿ ಹೇರಿಕೊಂಡು ಜೀಪಿನಲ್ಲಿ ಹೋಗುವಾಗ
ಈ ರಸ್ತೆ ಇಷ್ಟು ಏರೆಂದು
ಯಾರೂ ಹೇಳಿರಲಿಲ್ಲ.
ನೂರಾ ಎಂಬತ್ತನೆಯದಕ್ಕೆ ಇಳಿದೆ, ತಳ್ಳಿದೆ.
ಕಾಲೇಜು ಹುಡುಗರು ದಾಟಿ ಹೋದರು,
ಅವರ ಚಕ್ರಗಳು ಹನ್ನೊಂದು ಕೆ.ವಿ. ತಂತಿಯಂತೆ ಗುಂಯ್.
ಆಮೇಲೆ ಒಬ್ಬರು, ಪೂರ್ತಿ ಬಿಳಿಗೂದಲು, ಕುಂದಾಪುರದ ಮಾತು,
ಅವರೂ ಇಳಿದು ತಳ್ಳುತ್ತಿದ್ದರು:
‘ದೂಡಿರೂ ಅದ್ ಸೈಕಲ್ಲೇ ಅಲ್ದಾ ಮರ್ರೆ.’
ತಿರುವಿನಾಚೆ ಅವರೂ ಹತ್ತಿ ಹೋಗಿಬಿಟ್ಟರು.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ,
ಅದು ಓಟ ಆಗಿರಲಿಲ್ಲ.
ಒಂದು ಕಂಬ ನಡೆ, ಒಂದು ಕಂಬ ಕುಂಟು.
ತೊಡೆಯೊಳಗೆ ಕಪ್ಪೆ ಕೂತಂತೆ ಸ್ನಾಯು ಜಿಗಿಯುತ್ತಿತ್ತು.
ಎಪ್ಪತ್ತಮೂರನೆಯದರ ಹತ್ತಿರ
ಗೇಟಿನಿಂದ ಒಬ್ಬ ಹೆಂಗಸು ಗುರುತು ಹಿಡಿದಳು:
‘ಓ, ಲೈನ್‌ಮನ್ನಾ! ಕರೆಂಟ್ ಹೋಗಿ ಗಂಟೆ ಆಯ್ತು,
ಅದಕ್ಕೇ ಓಡ್ಕೊಂಡ್ ಬಂದ್ರಾ?’
ನಗಲು ಉಸಿರಿರಲಿಲ್ಲ. ಹೌದೆಂದು ತಲೆಯಾಡಿಸಿದೆ.
ಬೆಲ್ಲ, ನೀರು ಕೊಟ್ಟಳು.
ಇಪ್ಪತ್ತೇಳು ಕಂಬ ಆ ಬೆಲ್ಲದ ಮೇಲೆಯೇ ನಡೆದದ್ದು.

ತಲುಪಿದಾಗ ಕಮಾನು ಬಿಚ್ಚುತ್ತಿದ್ದರು.
ಕೆಂಪಂಕಿಯ ಗಡಿಯಾರ ಕಪ್ಪಾಗಿತ್ತು.
‘ಕರೆಂಟ್ ಇಲ್ಲ ಸರ್, ನಿಮ್ಮ ಟೈಮ್ ಸಿಗಲ್ಲ’
ಎಂದಳು ಪದಕ ಹಿಡಿದ ಹುಡುಗಿ, ತಪ್ಪು ತನ್ನದೇ ಎಂಬಂತೆ.
ಯಾಕೆ ಹೋಗಿದೆ ಎಂದು ನನಗೆ ಅಲ್ಲಿಂದಲೇ ಕಾಣುತ್ತಿತ್ತು:
ಮೂಲೆಯ ಟ್ರಾನ್ಸ್‌ಫಾರ್ಮರಿನಲ್ಲಿ
ನಡುವಿನ ಫ್ಯೂಸು ಜೋತುಬಿದ್ದಿತ್ತು.
ಕೈಯೆತ್ತಿ ತೋರಿಸಲು ಹೋದೆ, ಭುಜದಿಂದ ಮೇಲೇಳಲಿಲ್ಲ.
ಈ ಸೆಕ್ಷನ್ನಿನ ಹೊಸ ಹುಡುಗ ಬರಲಿ,
ಬಂದು ಹತ್ತಲಿ ಎಂದುಕೊಂಡು
ಕಂಬಕ್ಕೆ ಬೆನ್ನು ಕೊಟ್ಟು ಕೂತೆ, ಬಾಳೆಹಣ್ಣು ಸುಲಿಯುತ್ತ.
ಅದಕ್ಕೊಂದು ನಂಬರು, ನನ್ನ ತೋಳಿಗೊಂದು.
ನನ್ನದು ಅರ್ಧ ಅಳಿಸಿತ್ತು.