ಎರಡರಿಂದ ಮೂರಕ್ಕ

ಎರಡರಿಂದ ಮೂರಕ್ಕ ಹಾಕಿದ್ರ
ಕರ್ರ್ ಅಂತದ ಗಾಡಿ,
ಒಣ ರೊಟ್ಟಿ ಕಡದಂಗ.
ಶಹಾಬಾದ ರೋಡಿನ ಏರಿನ್ಯಾಗ
ಹಿಂದಿನ ಲಾರಿಯವ ಹಾರ್ನ್ ಒತ್ತತಾನ,
ನಾ ಬೆವರತೀನಿ.

ಗೇರ್ ಬಾಕ್ಸ್ ಇಳಿಸಬೇಕು, ಹದಿನೆಂಟು ಸಾವಿರ:
ಶೋರೂಮಿನ ಹುಡುಗ ಬರಕೊಟ್ಟ ಚೀಟಿ
ಬ್ಯಾಗಿನಾಗ ಮಡಚಿಟ್ಟು
ಆಳಂದ ನಾಕಾದ ಲಾಡ್ಲೇಸಾಬನ ಹತ್ರ ಬಂದೆ.

ಅಂವ ಬಾನೆಟ್ ತೆಗೀಲಿಲ್ಲ.
ಬಾಜು ಸೀಟಿನಾಗ ಕುಂತು, ಕಣ್ಣು ಮುಚ್ಚಿ,
'ಹೊಡೀರಿ ಸಿಸ್ಟರ್' ಅಂದ.
ನಾಡಿ ಹಿಡಿಯೋದು ನನ್ನ ಕೆಲಸ,
ಇವತ್ತ ಅಂವ ಹಿಡಿದ
ಗೇರಿನ ಗುಂಡಿನ ಮ್ಯಾಲ ಎರಡು ಬೆರಳಿಟ್ಟು.

ಮೂರು ಸಲ ಕರ್ರ್.
'ನಿಂದರಸ್ರಿ.'
ಬಗ್ಗಿ, ಕೈ ಹಾಕಿ, ನನ್ನ ಕಾಲ ಬುಡದಿಂದ ಎಳದ:
ಬರಿಗಾಲಿಗಿ ತಳಾ ಸುಡತದಂತ
ನಾನೇ ನಾಕು ಪದರ ಮಡಚಿ ಹಾಸಿದ್ದ
ಕೌದಿ ತುಂಡು.
'ಕ್ಲಚ್ ಪೂರಾ ಒತ್ತಲಾಕ ಜಾಗಾನೇ ಇಲ್ಲ,
ಗೇರ್ ಪಾಪ ಏನು ಮಾಡ್ಬೇಕ್ರಿ?'

ಗಾಡಿಗಿ ಬೈದದ್ದೆಲ್ಲಾ ನೆನಪಾತು.

ಚಾ ತರಿಸಿದ, ರೊಕ್ಕಾನೂ ಅಂವನೇ ಕೊಟ್ಟ.
'ಎಣ್ಣಿ ಹಳೀದಾಗ್ಯಾದ,
ಪಂಚಮಿ ಒಳಗ ಬದಲಸ್ರಿ.'

ಹೊಳ್ಳಿ ಬರೂಮುಂದ ಮೂರು ಬಿತ್ತು,
ಬಿದ್ದದ್ದೇ ಗೊತ್ತಾಗಲಿಲ್ಲ.
ಕೌದಿ ಹಿಂದಿನ ಸೀಟಿನಾಗ ಕುಂತು ಬಂತು.
ಅಂಗಾಲು ಮಾತ್ರ
ಮನಿ ತನಕ ಸುಡತಿತ್ತು.